ಪಳಗಿದ ಗಾಡಿ

ಮನೆಗೆ ಹೊಸದಾಗಿ ಏನೇ ಬಂದರೂ ಮೊದಲು ಅದನ್ನು ಪಳಗಿಸಬೇಕು ಎನ್ನುವುದು ಸಿದ್ದನಕೊಪ್ಪಲಿನ ಹೊನ್ನಯ್ಯ ಮೀಸೆ ಮೂಡಿದಾಗಿನಿಂದ ನಂಬಿಕೊಂಡು ಬಂದಿದ್ದ ಮಾತು. ಹೋರಿಯಾದರೆ ನೊಗ ಕಟ್ಟಿ ಪಳಗಿಸಬೇಕು. ಚಪ್ಪಲಿಯಾದರೆ ಎಣ್ಣೆ ಹಚ್ಚಿ ಪಳಗಿಸಬೇಕು. ಸೊಸೆಯಾದರೆ ಅವಳು ಮನೆಯವರನ್ನೆಲ್ಲ ಪಳಗಿಸುವ ತನಕ ಸುಮ್ಮನಿರಬೇಕು. ಇಷ್ಟು ತಿಳಿವಳಿಕೆ ಇದ್ದ ಮನುಷ್ಯ ಕೆಟ್ಟದ್ದು ಒಂದು ಗಾಡಿಯಿಂದ. ಅದೂ ಎತ್ತಿನ ಗಾಡಿಯಲ್ಲ, ಮನುಷ್ಯರನ್ನು ಬೀಳದ ಹಾಗೆ ನಡೆಸುವ ಗಾಡಿ.

ಗಾಡಿ ಬಂದದ್ದು ಮಂಡಿಯ ದೆಸೆಯಿಂದ. ಕಬ್ಬಿಗೆ ನೀರು ಕಟ್ಟಲು ಹೋಗಿ ಬದುವಿನ ಮೇಲೆ ಜಾರಿದ ಮೇಲೆ ಹೊನ್ನಯ್ಯನ ಬಲಮಂಡಿ ಹಳೇ ಬಾಗಿಲಿನ ಕೀಲಿನಂತೆ ಕಿರುಗುಟ್ಟುತ್ತಿತ್ತು. ಕೂತರೆ ಏಳಲಾಗದು, ಎದ್ದರೆ ನಿಲ್ಲಲಾಗದು. ಆಸರೆ ಇಲ್ಲದೆ ಹೆಜ್ಜೆ ಇಡಬೇಡಿ ಎಂದು ಮದ್ದೂರಿನ ಡಾಕ್ಟರು ಹೇಳಿದ್ದರು. ಆಸರೆ ಎಂದರೆ ಊರುಗೋಲು. ಮಗಳು ದೀಪಿಕಳ ಮದುವೆ ಗೊತ್ತಾಗಿರುವ ಹೊತ್ತಿನಲ್ಲಿ ಹೆಣ್ಣಿನ ಅಪ್ಪ ಊರುಗೋಲು ಹಿಡಿದರೆ ಬೀಗರ ಬಾಯಿಗೆ ಅವರೆಕಾಳು ಹಾಕಿದಂತೆ, ವರ್ಷಗಟ್ಟಲೆ ಅಗಿಯುತ್ತಾರೆ.

ಆಗ ಕಾಪಾಡಲು ಬಂದವನು ತಮ್ಮನ ಮಗ ಪುನೀತ. ಗೆಜ್ಜಲಗೆರೆಯಲ್ಲಿ ಹೊಸದಾಗಿ ಎದ್ದಿದ್ದ ಒಂದು ಕಾರ್ಖಾನೆಯಲ್ಲಿ ಅವನ ಕೆಲಸ. ಅಲ್ಲಿ ಮಾಡುವ ರೋಬೋಟು ಗಾಡಿಯೊಂದನ್ನು, ಹಳ್ಳಿಯ ದಾರಿಯಲ್ಲಿ ಹೇಗೆ ನಡೆಯುತ್ತದೋ ನೋಡಲೆಂದು, ಮೇಲಿನವರನ್ನು ಕೇಳಿ ದೊಡ್ಡಪ್ಪನ ಜಗಲಿಗೆ ತಂದು ಇಳಿಸಿದ. ನಾಲ್ಕು ಚಕ್ರ, ಹಿಡಿಯಲು ಎರಡು ಕೈ, ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಬೆಲ್ಟು, ನೀರಿನ ಬಾಟಲಿ ಇಡಲು ಒಂದು ಬಳೆ, ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ನೋಡಿದವರಿಗೆ, ಕೂಸುಗಳು ನಡೆ ಕಲಿಯುವ ಮರದ ಗಾಡಿಯನ್ನು ಯಾರೋ ಯೂರಿಯಾ ಹಾಕಿ ಬೆಳೆಸಿದಂತೆ ಕಾಣುತ್ತಿತ್ತು.

"ದೊಡ್ಡಪ್ಪ, ಇದು ಮೊದ್ಲು ಒಂದು ವಾರ ನಿಮ್ ಜೊತೆ ನಡೀಬೇಕು," ಎಂದ ಪುನೀತ. "ನೀವು ಎಲ್ಲೆಲ್ಲಿ ಓಗ್ತೀರಿ, ಯಾವ ಒತ್ಗೆ ಓಗ್ತೀರಿ, ಎಂಗೆ ಹೆಜ್ಜೆ ಆಕ್ತೀರಿ, ಎಲ್ಲಾನೂ ಕಲ್ತ್ಕತದೆ. ಆಮೇಲೆ ನೀವು ಹಸ್ರು ಗುಂಡಿ ಒತ್ತುದ್ರೆ ಸಾಕು, ಅದೇ ಕರ್ಕೊಂಡೋಗಿ ಅದೇ ಕರ್ಕೊಂಡು ಬತ್ತದೆ. ನಿಲ್ಬೇಕು ಅಂದ್ರೆ ಕೆಂಪು. ಬೆಲ್ಟು ಮಾತ್ರ, ಗಾಡಿ ನಿಲ್ಲೋ ಗಂಟ ಬಿಚ್ಚಕಿಲ್ಲ. ನಡುದಾರೀಲಿ ಬಿಚ್ಚೋದ್ರೆ ಬಿದ್ದೋಯ್ತೀರಲ್ಲ, ಅದ್ಕೆ."

"ಅಂಗಂದ್ರೆ ಪಳಗುಸ್ಬೇಕು ಅನ್ನು," ಎಂದ ಹೊನ್ನಯ್ಯ.

"ಒಂತರಾ ಅಂಗೇ ಅನ್ಕಳಿ."

ಪುನೀತ ಹೇಳಿದ್ದು ಅಷ್ಟೆ. ಹೊನ್ನಯ್ಯನಿಗೆ ತಿಳಿದದ್ದು ಬೇರೆ. ಪಳಗಿಸುವ ಕೆಲಸವನ್ನು ಯಜಮಾನನೇ ಮಾಡಿದ್ದು ಆ ಊರಲ್ಲಿ ಯಾವ ಕಾಲದಲ್ಲೂ ಇಲ್ಲ. ಹೊಸ ಹೋರಿ ಬಂತೆಂದರೆ ಅದು ಹೋಗುತ್ತಿದ್ದದ್ದು ಮಾಯಿಗೌಡನ ಕೈಗೆ. ಒದೆಯುವ ಹೋರಿ, ನೊಗ ಕಂಡರೆ ಮಲಗುವ ಹೋರಿ, ಎಲ್ಲವನ್ನೂ ವಾರದೊಳಗೆ ಸಾಲು ಹಿಡಿಸಿದ ಕೈ ಅದು. ಅವನ ಅಪ್ಪನದೂ ಅದೇ ಕೈ. ಆ ಅಪ್ಪ ಮದ್ದೂರು ಸಂತೆಯಿಂದ ಗಾಡಿಯೊಳಗೆ ಅಂಗಾತ ಮಲಗಿ ಬರುತ್ತಿದ್ದ, ಎತ್ತುಗಳು ತಾವೇ ದಾರಿ ಹಿಡಿದು ಮನೆಯ ಮುಂದೆ ನಿಂತು ಕೊರಳ ಗಂಟೆ ಅಲ್ಲಾಡಿಸಿ ಹೆಂಡತಿಯನ್ನು ಕರೆಯುತ್ತಿದ್ದವು. ಸಂತೆಯಿಂದ ಬರುವವನು ಯಾಕೆ ಮಲಗಿ ಬರಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಊರಿಗೆ ಗೊತ್ತಿತ್ತು.

ಮದುವೆ ಮನೆಯ ಓಡಾಟದಲ್ಲಿ ತನಗೆಲ್ಲಿ ಪುರುಸೊತ್ತು ಎಂದು ಹೊನ್ನಯ್ಯ ಗಾಡಿಯನ್ನು ಮಾಯಿಗೌಡನಿಗೆ ವಹಿಸಿದ.

"ವಸಿ ಸಾಲು ಕಲ್ಸು ಮಾಯಿಗಣ್ಣ."

ಮಾಯಿಗೌಡ ಗಾಡಿಯ ಸುತ್ತ ಒಂದು ಸುತ್ತು ಬಂದು, ಬೆನ್ನು ತಟ್ಟಿ, ಹಲ್ಲು ನೋಡಲು ಬಾಯಿ ಎಲ್ಲಿದೆ ಎಂದು ಹುಡುಕಿ, "ಬಾಳ ಸಾದು ಜಾತಿ ಕಣಣ್ಣ. ಬುಡು, ನಾನು ನೋಡ್ಕತೀನಿ," ಎಂದ.

ಕೊಡುವ ಮೊದಲು ಹೊನ್ನಯ್ಯನ ಹೆಂಡತಿ ಸಣ್ಣತಾಯಮ್ಮ ಮನೆಗೆ ಬಂದ ಹೊಸ ವಾಹನಕ್ಕೆ ಮಾಡಬೇಕಾದ ಪೂಜೆ ಮಾಡಿದಳು. ಚಕ್ರದ ಅಡಿ ನಿಂಬೆಹಣ್ಣು, ಹಿಡಿಗೆ ಹೂವು, ಗುಂಡಿಗಳಿಗೆ ಅರಿಸಿನ ಕುಂಕುಮ. ಕೆಂಪು ಗುಂಡಿ ಮಂಗಳಕರವಾಗಿ ಕಂಡದ್ದರಿಂದ ಅದಕ್ಕೆ ನೀರಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಮೆತ್ತಿದಳು. ಅದು ಒಣಗಿ, ಗೋಡೆಗೆ ಗಾರೆ ಕಚ್ಚಿದ ಹಾಗೆ ಕಚ್ಚಿಕೊಂಡಿತು.

ವಾರ ಕಳೆಯಿತು. ಮಳವಳ್ಳಿಯ ಛತ್ರದಲ್ಲಿ ದೀಪಿಕಳ ಮದುವೆ ಸ್ವರೂಪನ ಜೊತೆ ಚೆನ್ನಾಗಿ ನಡೆಯಿತು. ಹೊನ್ನಯ್ಯ ಧಾರೆಯನ್ನು ಕೂತೇ ಎರೆದ, ಮಂಡಿಯ ವಿಷಯ ಯಾರಿಗೂ ತಿಳಿಯಲಿಲ್ಲ. ಆದರೆ ಬೀಗರೂಟ ಕೂತು ಮುಗಿಸುವ ಕೆಲಸವಲ್ಲ. ಮಂಡ್ಯ ಸೀಮೆಯಲ್ಲಿ ತಾಳಿ ಕಟ್ಟಿದರೆ ಅರ್ಧ ಮದುವೆ, ಬೀಗರಿಗೆ ಬಾಡೂಟ ಹಾಕಿದರೆ ಇನ್ನರ್ಧ. ಮನೆಯ ಯಜಮಾನ ಬೀಗರ ಮುಂದೆ ನಿಂತು, ಕೈ ಮುಗಿದು, "ಊಟಕ್ಕೆ ಏಳಿ" ಎನ್ನಬೇಕು. ಆ ಮಾತು ಬಾಯಿಂದ ಬರುವ ತನಕ ಬೀಗರು ಹಸಿದು ಸತ್ತರೂ ಎಲೆ ಮುಟ್ಟುವುದಿಲ್ಲ.

ಇನ್ನೊಂದು ತೊಡಕೂ ಇತ್ತು. ಸಂಬಂಧ ಕೂಡಿದ ದಿನ ಗಂಡಿನ ತಾಯಿ ಮಂಗಳಮ್ಮ ಕೇಳಿದ್ದು ಒಂದೇ ಮಾತು.

"ನಿಮ್ಮನೇಲಿ ಕುಡಿಯೋರು ಅವ್ರಾ?"

"ಮುತ್ತತ್ತಿರಾಯನ ಆಣೆ ಕಣವ್ವ, ನಾನು ಒಂದು ತೊಟ್ಟೂ ಮುಟ್ಟಿಲ್ಲ," ಎಂದಿದ್ದ ಹೊನ್ನಯ್ಯ. ಅದು ನಿಜವೂ ಆಗಿತ್ತು. ನಿಜ ಹೇಳುವವರಿಗೆ ಮುಂದೆ ಏನು ಕಾದಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಸುಳ್ಳಾದ್ರೆ ಬೀಗರೂಟದ ದಿನ ಎಲೆ ಬುಟ್ಟು ಎದ್ದೋಯ್ತೀವಿ. ಹೆಣ್ಣು ನಿಮ್ಮನೇಲೇ ಇರ್ಲಿ," ಎಂದಿದ್ದಳು ಮಂಗಳಮ್ಮ. ಅವಳ ಗಂಡ ಚಿಕ್ಕಬೋರಯ್ಯ ಪಕ್ಕದಲ್ಲಿ ಕೂತು, "ನಮ್ ವಂಸದಲ್ಲಿ ಆ ವಾಸ್ನೆ ಬಂದ್ರೇನೇ ವಾಂತಿ ಮಾಡ್ಕತೀವಿ," ಎಂದು ಮೂಗು ಮುಚ್ಚಿ ತೋರಿಸಿದ್ದ.

ಬೀಗರೂಟದ ದಿನ ಊರ ಮುಂದೆ ಶಾಮಿಯಾನ ಎದ್ದಿತು. ಒಲೆಯ ಮೇಲಿನ ಹಂಡೆಗಳಿಂದ ಹೊರಟ ಮಸಾಲೆಯ ಘಮ ಪಕ್ಕದ ಕೊಕ್ಕರೆ ಬೆಳ್ಳೂರಿನ ತನಕ ಹೋಗಿ, ಮೀನು ತಿಂದು ಬೇಸತ್ತ ಕೊಕ್ಕರೆಗಳಿಗೂ ಬಾಯಲ್ಲಿ ನೀರೂರಿಸಿತಂತೆ. ಮಾಯಿಗೌಡ ಬೆಳಿಗ್ಗೆಯೇ ಗಾಡಿಯನ್ನು ತಂದೊಪ್ಪಿಸಿದ.

"ಪಳಗ್ತು ತಕ್ಕಳಣ್ಣ. ಕಣ್ಮುಚ್ಕಂಡ್ ಓಗು, ಎಲ್ಲೂ ಎಡುವಾಕಿಲ್ಲ. ನಾನು ಗ್ಯಾರಂಟಿ."

ಅವನ ಹೆಂಡತಿ ಸಾಕಮ್ಮ ಈರುಳ್ಳಿ ಹೆಚ್ಚುತ್ತಿದ್ದವಳು, ಪಕ್ಕದ ಮನೆಯ ಮಂಚಮ್ಮನಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು: "ನಮ್ಮನೇರು ಕುಡ್ತ ಬುಟ್ಬುಟ್ರು ಕಣಕ್ಕ. ಒಂದು ವಾರಾಯ್ತು. ದಾರದಲ್ಲಿ ಅಳ್ದಂಗೆ ನೆಟ್ಟಗೆ ನಡ್ಕ ಬತ್ತಾವ್ರೆ. ಮುಂಚೆ ಆ ಕಡೆ ಚರಂಡಿ ಈ ಕಡೆ ಚರಂಡಿ ಎರಡ್ನೂ ಮಾತಾಡ್ಸ್ಕಂಡು ಬತ್ತಿರ್ನಿಲ್ವಾ?"

"ಯಾವ ದೇವ್ರು ಕಣ್ಬುಡ್ತೋ," ಎಂದಳು ಮಂಚಮ್ಮ. ಊರಿನ ಯಾವ ಮನೆಯಲ್ಲಿ ಏನು ಬೇಯುತ್ತದೆ ಎಂದು ಅಲ್ಲಿಯವರಿಗಿಂತ ಮೊದಲೇ ತಿಳಿದಿರುತ್ತಿದ್ದ ಹೆಂಗಸು. ಆ ದಿನ ಮಾತ್ರ ಅವಳಿಗೂ ತಿಳಿಯಲಿಲ್ಲ.

ಮಳವಳ್ಳಿಯಿಂದ ಬೀಗರ ಬಸ್ಸುಗಳು ಬಂದವು. ಹೊನ್ನಯ್ಯ ಸೊಂಟಕ್ಕೆ ಬೆಲ್ಟು ಬಿಗಿದು, ಹಿಡಿ ಹಿಡಿದು, ಹೊಸ ಬಿಳಿ ಅಂಗಿಯಲ್ಲಿ ಬಾಗಿಲಲ್ಲಿ ನಿಂತಿದ್ದ. ಗಾಡಿ ಅವನನ್ನು ತಾಯಿ ಮಗುವನ್ನು ನಿಲ್ಲಿಸಿದಂತೆ ನಿಲ್ಲಿಸಿತ್ತು. ಬೀಗರು ಕೈ ಮುಗಿಯುವುದನ್ನು ಬಿಟ್ಟು ಗಾಡಿಯನ್ನೇ ನೋಡಿದರು.

"ಇದೇನ್ ಬೀಗ್ರೇ, ಟ್ರಾಕ್ಟ್ರು ಮರಿ?" ಎಂದ ಚಿಕ್ಕಬೋರಯ್ಯ.

"ರೋಬೋಟು. ಪುನೀತನ ಫ್ಯಾಕ್ಟ್ರೀದು. ಸುಮ್ನೆ ಪರೀಕ್ಸೆಗೆ ಅಂತ ಕೊಟ್ಟವ್ರೆ. ನಂಗೇನೂ ಬೇಕಾಗಿರ್ನಿಲ್ಲ," ಎಂದ ಹೊನ್ನಯ್ಯ, ಮಂಡಿ ಕಿರ್ ಎನ್ನದ ಹಾಗೆ ಉಸಿರು ಹಿಡಿದು.

ಚಿಕ್ಕಬೋರಯ್ಯ ನಾಲ್ಕು ಮಾತಾಡಿ, ಆಕಾಶ ನೋಡಿ, "ಕೊಕ್ಕರೆ ಬಂದವಂತಲ್ಲ ಈ ಕಡೆ. ವಸಿ ನೋಡ್ಕ ಬತ್ತೀನಿ ಬೀಗ್ರೇ. ನಮ್ ಕಡೆ ಎಲ್ಲವೆ ಇಂಥ ಕೊಕ್ಕರೆ?" ಎಂದು ಪಂಚೆಯ ತುದಿ ಹಿಡಿದು ನಾಲೆಯ ಕಡೆ ಹೊರಟ.

"ಅವ್ರಿಗೆ ಪಕ್ಸಿ ಅಂದ್ರೆ ಪ್ರಾಣ," ಎಂದಳು ಮಂಗಳಮ್ಮ ಹೆಮ್ಮೆಯಿಂದ. "ಯಾವೂರ್ಗೆ ಓದ್ರೂ ಇಂಗೆ ಒಬ್ರೇ ಪಕ್ಸಿ ನೋಡಾಕೆ ಒಂಟೋಯ್ತರೆ."

ಎಲೆ ಹಾಕಿದರು. ಮುದ್ದೆ ಬಂತು, ಬಾಡಿನ ಚಾಕಣ ಬಂತು, ಹಂಡೆಯ ಮುಚ್ಚಳ ತೆಗೆದದ್ದೇ ಶಾಮಿಯಾನದಲ್ಲಿ ಮಾತು ನಿಂತಿತು. ಬೀಗರು ಎಲೆಗಳ ಹಿಂದೆ ನಿಂತರು. ಹೊನ್ನಯ್ಯನ ಬಾಯಿಂದ ಬರಬೇಕಾದ ಆ ಮಾತಿಗೆ ಕಾದರು. ಹೊನ್ನಯ್ಯ ಗಂಟಲು ಸರಿಮಾಡಿಕೊಂಡ.

ಆಗ ಗಾಡಿ ಬಾಯಿಬಿಟ್ಟಿತು. ಟಿ.ವಿ.ಯಲ್ಲಿ ವಾರ್ತೆ ಓದುವ ಹೆಣ್ಣುಮಗಳ ದನಿ.

"ನಮಸ್ಕಾರ. ನಿಮ್ಮ ನಿತ್ಯದ ನಡಿಗೆಯ ಸಮಯವಾಗಿದೆ. ಹೊರಡಲು ದಯವಿಟ್ಟು ಹಸಿರು ಗುಂಡಿ ಒತ್ತಿರಿ."

"ನೋಡುದ್ರಾ," ಎಂದಳು ಮಂಗಳಮ್ಮ. "ಪಂಕ್ತಿಗೆ ನಡಿ, ಬೀಗರ್ನ ಊಟಕ್ಕೆ ಕರಿ ಅಂತದೆ. ಮಿಸನ್ನಿಗಿರೋ ಬುದ್ದಿ ಮನುಸ್ರಿಗಿಲ್ಲ." ಎಂದವಳೇ ಕೈ ಚಾಚಿ ಹಸಿರು ಗುಂಡಿಯನ್ನು ತಾನೇ ಒತ್ತಿದಳು.

ಗಾಡಿ ಹೊರಟಿತು.

ಮೊದಲು ಪಂಕ್ತಿಯ ಉದ್ದಕ್ಕೂ ಹೋಯಿತು. ಎಲ್ಲರೂ ಸರಿ ಎಂದುಕೊಂಡರು. ಕೊನೆಯಲ್ಲಿ ಮಂಗಳಮ್ಮನ ಸೋದರಮಾವ, ಮಳವಳ್ಳಿ ಸೀಮೆಗೇ ಹಿರಿಯರು, ಕೋಲು ಊರಿ ನಿಂತಿದ್ದರು. ಗಾಡಿ ಅವರ ಮುಂದೆ ನಿಂತು, "ಎದುರಿಗೆ ಅಡ್ಡಿ ಇದೆ. ದಯವಿಟ್ಟು ತೆಗೆಯಿರಿ," ಎಂದಿತು.

"ನಾನು ಅಡ್ಡಿಯಾ?" ಎಂದರು ಹಿರಿಯರು.

"ಅಡ್ಡಿ ದೊಡ್ಡದಾಗಿದೆ," ಎಂದಿತು ಗಾಡಿ. ಅವರ ಹೊಟ್ಟೆಯನ್ನು ನೋಡಿಯೇ ಹೇಳಿರಬೇಕು. ಆಮೇಲೆ ಅವರ ಪಕ್ಕದಿಂದ ನಾಜೂಕಾಗಿ ತಿರುಗಿ ಶಾಮಿಯಾನದ ಹೊರಗೆ ಹೊರಟಿತು. ಬೆಲ್ಟು ಕಟ್ಟಿಕೊಂಡಿದ್ದ ಹೊನ್ನಯ್ಯ ಹಿಂದೆಯೇ ಹೊರಟ. ಹೋಗದೆ ಇರುವುದು ಅವನ ಕೈಯಲ್ಲಿರಲಿಲ್ಲ. ಕೆಂಪು ಗುಂಡಿ ಒತ್ತಿದ. ಕುಂಕುಮದ ಗಾರೆ ಅಲ್ಲಾಡಲಿಲ್ಲ. ಉಗುರಲ್ಲಿ ಕೆರೆದ. ಬೆರಳು ಮಾತ್ರ ಮಂಗಳಕರವಾಯಿತು.

"ಬೀಗ್ರೇ, ಎಲ್ಲಿಗೆ? ಒಂದ್ ಮಾತು ಯೋಳ್ಬುಟ್ಟು ಓಗಿ!" ಎಂದು ಹಸಿದ ಬೀಗರು ಕೂಗಿದರು.

ಹೊನ್ನಯ್ಯ ಹೋಗುತ್ತಲೇ ಕತ್ತು ತಿರುಗಿಸಿ, "ಊಟಕ್ಕೆ ಏಳಿ! ಎಲ್ರೂ ಊಟಕ್ಕೆ ಏಳಿ!" ಎಂದು ಕಿರುಚಿದ.

"ಬೆನ್ ತೋರ್ಸ್ಕಂಡು ಊಟಕ್ಕೆ ಕರೀತಾನಲ್ಲ! ನಾವೇನು ಬಿಕ್ಸಕ್ಕೆ ಬಂದಿದೀವಾ?" ಎಂದಳು ಮಂಗಳಮ್ಮ. "ಎದ್ರಿಗೆ ನಿಂತು ಕೈ ಮುಗ್ದು ಕರ್ದ್ರೆ ಉಣ್ತೀವಿ. ಇಲ್ದಿದ್ರೆ ಇಲ್ಲ."

ಎದುರಿಗೆ ನಿಲ್ಲಿಸಬೇಕಾದರೆ ಮೊದಲು ಹಿಡಿಯಬೇಕು. ಹಿಡಿಯಲು ಬೀಗರೆಲ್ಲ ಹಿಂದೆ ಹೊರಟರು. ಬೀಗರು ಹೊರಟರೆಂದು ಊರವರು ಹೊರಟರು. ಬಡಿಸುವವರು ಸೌಟು ಹಿಡಿದೇ ಹೊರಟರು. ಹೊರಡದೆ ಉಳಿದದ್ದು ಎಲೆಯ ಮೇಲಿನ ಮುದ್ದೆಗಳು ಮತ್ತು ಊರಿನ ನಾಯಿಗಳು. ನಾಯಿಗಳನ್ನು ಯಾರೂ ಊಟಕ್ಕೆ ಏಳಿ ಎಂದು ಕರೆಯಬೇಕಾಗಿರಲಿಲ್ಲ.

ಗಾಡಿಯ ನಡಿಗೆ ಚೆನ್ನಾಗಿತ್ತು. ಅದನ್ನು ಒಪ್ಪಲೇಬೇಕು. ಹಳ್ಳ ಬಂದರೆ ಸುತ್ತಿತು, ಕಲ್ಲು ಬಂದರೆ ತಪ್ಪಿಸಿತು, ಹಸು ಬಂದರೆ ನಿಂತು ದಾರಿ ಬಿಟ್ಟಿತು. ಹಾಗೆ ನಿಂತಾಗ ಬೆಲ್ಟು ಬಿಚ್ಚೋಣವೆಂದು ಹೊನ್ನಯ್ಯ ಕೈ ಹಾಕಿದರೆ ಹಸು ಅಷ್ಟರಲ್ಲಿ ದಾಟಿಬಿಡುತ್ತಿತ್ತು. ಹುಣಸೆಮರದ ಕೆಳಗೆ ಹೋಗುವಾಗ ಮೇಲೆ ಕೂತ ಕೊಕ್ಕರೆಯೊಂದು ಬಿಳಿ ಅಂಗಿಗೆ ತನ್ನ ಮುಯ್ಯಿ ಮಾಡಿತು.

"ಸಣ್ಣತಾಯಿ, ನಿನ್ ಗಂಡುಂಗೆ ಏನ್ ಬಂತೇ?" ಎಂದಳು ಮಂಚಮ್ಮ ಏದುಸಿರು ಬಿಡುತ್ತ. "ಮಗ್ಳು ಒಂಟೋಯ್ತಾಳೆ ಅಂತ ತಲೆಗಿಲೆ ಕೆಟ್ಟದಾ?"

"ತಲೆ ಸಂದಾಗದೆ ಕಣಕ್ಕ, ಮಂಡೀನೇ ಕೆಟ್ಟಿರೋದು," ಎಂದು ಬಿಟ್ಟಳು ಸಣ್ಣತಾಯಮ್ಮ. ಅಷ್ಟು ದಿನ ಮುಚ್ಚಿಟ್ಟ ಮಂಡಿಯ ಗುಟ್ಟು ಬೀಗರ ನಡುವೆ ಹೀಗೆ ಬಿಟ್ಟಿಯಾಗಿ ಹೋಯಿತು. ಆ ಹೊತ್ತಿಗೆ ಅದು ಅಂಥ ದೊಡ್ಡ ನಷ್ಟವಾಗಿಯೂ ಕಾಣಲಿಲ್ಲ.

ಗಾಡಿ ನಾಲೆಯ ಏರಿ ಹತ್ತಿತು. ಸೇತುವೆ ದಾಟಿತು. ಗುಂಪಿನಲ್ಲಿದ್ದ ಮಾಯಿಗೌಡನ ಕಾಲುಗಳು ಅಲ್ಲಿಂದ ಹಿಂದೆ ಹಿಂದೆ ಬಿದ್ದವು. ಸೇತುವೆಯಾಚೆ ಊರಿನವರು ಹಗಲಲ್ಲಿ ಹೆಸರೆತ್ತದ ಜಾಗ ಒಂದೇ ಇತ್ತು. ಮುಂದೆ ವೈನ್ ಸ್ಟೋರು, ಹಿಂದೆ ಕೂತು ಕುಡಿಯಲು ತಗಡಿನ ಕೊಟ್ಟಿಗೆ.

ಹೊನ್ನಯ್ಯನಿಗೆ ಎಲ್ಲ ಒಟ್ಟಿಗೇ ತಿಳಿಯಿತು. ವಾರವಿಡೀ ಮಾಯಿಗೌಡ ಯಾವ ಸಾಲು ಕಲಿಸಿದ್ದ ಎಂದೂ ತಿಳಿಯಿತು, ಅವನ ಹೆಂಡತಿಗೆ ಅವನು ಹೇಗೆ ನೆಟ್ಟಗೆ ಕಂಡ ಎಂದೂ ತಿಳಿಯಿತು. ಅಪ್ಪನಿಗೆ ಎತ್ತುಗಳಿದ್ದವು, ಮಗನಿಗೆ ರೋಬೋಟು ಸಿಕ್ಕಿತ್ತು. ಕಾಲ ಮುಂದುವರಿದಿಲ್ಲ ಎಂದು ಯಾರು ಹೇಳಿದರು?

"ಬ್ಯಾಡ ಕಣವ್ವಾ, ನಿನ್ ದಮ್ಮಯ್ಯ, ನಿಂತ್ಕಳವ್ವಾ!" ಎಂದು ಅವನು ಗಾಡಿಗೆ ಅಂಗಲಾಚಿದ.

"ಇನ್ನು ಕೆಲವೇ ಹೆಜ್ಜೆಗಳು. ಧೈರ್ಯವಾಗಿ ನಡೆಯಿರಿ," ಎಂದಿತು ಗಾಡಿ.

ಕೊಟ್ಟಿಗೆಯೊಳಗೆ ನುಗ್ಗಿ, ಮೂಲೆಯ ಒಂದು ಪ್ಲಾಸ್ಟಿಕ್ ಕುರ್ಚಿಗೆ ಸರಿಯಾಗಿ ಹೊನ್ನಯ್ಯನ ಬೆನ್ನು ಬರುವ ಹಾಗೆ ತಿರುಗಿ, ಗಾಡಿ ನಿಂತಿತು. "ತಲುಪಬೇಕಾದ ಸ್ಥಳ ಬಂದಿದೆ. ಆರಾಮವಾಗಿ ಕುಳಿತುಕೊಳ್ಳಿ." ಬೆಲ್ಟು ಪಟಕ್ಕನೆ ಬಿಚ್ಚಿಕೊಂಡಿತು. ಹೊನ್ನಯ್ಯ ಕುರ್ಚಿಗೆ ಕುಸಿದ.

ಎದುರಿನ ಕುರ್ಚಿಯಲ್ಲಿ ಪಂಚೆ ಮೇಲೆತ್ತಿ, ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಹುರಿದ ಕಡ್ಲೆಬೀಜ ಹಿಡಿದು, ಚಿಕ್ಕಬೋರಯ್ಯ ಕೂತಿದ್ದ. ಸುತ್ತ ಕೊಕ್ಕರೆ ಒಂದೂ ಇರಲಿಲ್ಲ.

"ಬೀಗ್ರೇ, ನೀವಾ?" ಎಂದರು ಇಬ್ಬರೂ ಒಟ್ಟಿಗೇ.

ಹೊನ್ನಯ್ಯನಿಗೆ ಜೀವ ಬಂದಂತಾಯಿತು. ಹೆಣ್ಣು ಹೆತ್ತವನಿಗೆ ಗಂಡಿನ ಕಡೆಯವರ ಜುಟ್ಟು ಸಿಗುವುದು ಸಾವಿರಕ್ಕೊಬ್ಬರ ಹಣೆಯಲ್ಲಿ ಬರೆದಿರುತ್ತದೆ. ಅವನು ಆ ಜುಟ್ಟನ್ನು ಮನಸ್ಸಿನಲ್ಲೇ ಕೈಗೆ ಸುತ್ತಿಕೊಂಡು, "ಪಕ್ಸಿ ಸಂದಾಗವಾ?" ಎಂದು ಕೇಳುವಷ್ಟರಲ್ಲಿ ಹೊರಗೆ ಕಾಲಸದ್ದು ಕೇಳಿತು. ಮಂಗಳಮ್ಮನ ಬಳೆಯ ಸದ್ದೂ ಕೇಳಿತು.

ಆ ಸದ್ದಿಗೆ ಚಿಕ್ಕಬೋರಯ್ಯ ಎದ್ದ ವೇಗ ಯಾವ ರೋಬೋಟಿಗೂ ಬರುವುದಿಲ್ಲ. ಗ್ಲಾಸನ್ನು ಗಾಡಿಯ ಬಾಟಲಿ ಬಳೆಯೊಳಗೆ ಇಟ್ಟ. ಅದು ಅಳತೆ ತೆಗೆದು ಮಾಡಿಸಿದಂತೆ ಕೂತಿತು, ವಾರದಿಂದ ಮಾಯಿಗೌಡನ ಗ್ಲಾಸು ಅಲ್ಲೇ ಕೂರುತ್ತಿತ್ತಲ್ಲ. ಜೇಬಿನಿಂದ ಸೋಂಪು ತೆಗೆದು ಬಾಯಿಗೆ ಹಾಕಿಕೊಂಡ. ಹೊನ್ನಯ್ಯನ ಎರಡೂ ಭುಜ ಹಿಡಿದುಕೊಂಡ. ಬಾಗಿಲಲ್ಲಿ ಮೊದಲ ತಲೆ ಕಾಣುತ್ತಲೇ ಅವನ ಕಣ್ಣಲ್ಲಿ ನೀರು.

"ಬೀಗ್ರೇ! ಮಗ್ಳ ಬೀಗರೂಟದ ದಿನಾನೂ ಬುಡಾಕಾಗ್ನಿಲ್ವಾ ನಿಮ್ಗೆ? ಕೊಕ್ಕರೆ ನೋಡ್ಕ ನಿಂತಿದ್ದೋನು, ನೀವು ಇಲ್ಲಿಗೆ ನುಗ್ಗುದ್ದು ಕಂಡು ಎದ್ದೂಬಿದ್ದೂ ಓಡಿಬಂದೆ. ಏಳಿ, ಮಾನ ಉಳ್ಸ್ಕಳಿ!"

ಕೊಟ್ಟಿಗೆ ತುಂಬಿತು. ಎಲ್ಲರೂ ನೋಡಿದರು. ಕುರ್ಚಿಯಲ್ಲಿ ಕುಸಿದ ಹೊನ್ನಯ್ಯ, ಗಾಡಿಯಲ್ಲಿ ಗ್ಲಾಸು, ನಡುವೆ ಅಳುತ್ತಿರುವ ದೇವರಂಥ ಬೀಗ. ಬಾಗಿಲಲ್ಲಿ ನಿಂತ ದೀಪಿಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಸುಳ್ಳು!" ಎಂದ ಹೊನ್ನಯ್ಯ. "ಗಾಡೀನೇ ಎಳ್ಕ ಬಂತು! ಇವ್ರೇ ಇಲ್ಲಿ ಕುಂತಿದ್ರು!"

"ಗಾಡಿ ಎಳ್ಕ ಬಂತಂತೆ," ಎಂದರು ಅಡ್ಡಿಯಾಗಿದ್ದ ಹಿರಿಯರು. "ಎಲ್ಲಾ ಕುಡುಕ್ರನ್ನೂ ಏನಾದ್ರೂ ಒಂದು ಎಳ್ಕ ಬತ್ತದೆ."

ಹೊನ್ನಯ್ಯ ಅಂಗಡಿಯವನ ಕಡೆ ತಿರುಗಿದ. "ನೀನಾದ್ರೂ ಯೋಳಪ್ಪ! ನಾನು ಯಾವತ್ತಾದ್ರೂ ಇಲ್ಲಿಗೆ ಬಂದಿದ್ನಾ?"

ಅಂಗಡಿಯವನು ನ್ಯಾಯವಂತ. "ಗಾಡಿ ಒಂದ್ವಾರದಿಂದ ದಿನಾ ಬತ್ತದೆ ಸ್ವಾಮಿ," ಎಂದ.

"ತಂದೋರ್ಯಾರು, ಅದ್ನ ಯೋಳು!"

ಅಂಗಡಿಯವನು ಗುಂಪನ್ನು ನೋಡಿದ. ಗುಂಪಿನಲ್ಲಿ ಮಾಯಿಗೌಡ ಕಾಲುಬೆರಳಲ್ಲಿ ನೆಲ ಗೀರುತ್ತಿದ್ದ. ಅವನ ಪಕ್ಕದಲ್ಲಿ ಸಾಕಮ್ಮ, ಕೈಯಲ್ಲಿ ಈರುಳ್ಳಿ ಹೆಚ್ಚುವ ಚಾಕು. ದಿನಾ ಬರುವ ಗಿರಾಕಿಯನ್ನು ಕಳೆದುಕೊಳ್ಳುವಷ್ಟು ನ್ಯಾಯ ಯಾರ ಹತ್ತಿರವೂ ಇರುವುದಿಲ್ಲ. ಈಗತಾನೆ ಸಿಕ್ಕ ಹೊಸ ಗಿರಾಕಿ ಚಿಕ್ಕಬೋರಯ್ಯನೂ ಮಂಜು ಕವಿದ ಕಣ್ಣಲ್ಲಿ ಅವನನ್ನೇ ನೋಡುತ್ತಿದ್ದ.

"ನಾನು ಯಾರ್ ಮಕಾನೂ ನೋಡಕಿಲ್ಲ ಸ್ವಾಮಿ. ಅದು ವ್ಯಾಪಾರದ ಧರ್ಮ."

"ಮಾಯಿಗಣ್ಣ! ಬಾಯ್ಬುಡ್ಲಾ! ಗಾಡಿ ನಿನ್ ಕೈಲಲ್ವಾ ಇದ್ದುದ್ದು?"

ಮಾಯಿಗೌಡ ಬಾಯಿ ಬಿಡುವ ಮೊದಲೇ ಸಾಕಮ್ಮ ಚಾಕು ಎತ್ತಿ ಮುಂದೆ ಬಂದಳು. "ನಮ್ಮನೇರ ಮ್ಯಾಲೆ ಯಾಕ್ ಆಕ್ತೀಯಣ್ಣೋ? ಒಂದ್ವಾರದಿಂದ ದಾರದಲ್ಲಿ ಅಳ್ದಂಗೆ ನಡ್ಕ ಬತ್ತಾವ್ರೆ. ಕುಡ್ದೋರು ಅಂಗೆ ನಡೀತಾರಾ? ಊರೆಲ್ಲ ನೋಡ್ತಲ್ಲ!"

ಊರೆಲ್ಲ ನೋಡಿತ್ತು. ಊರು ತಲೆ ಆಡಿಸಿತು.

ಅಷ್ಟರಲ್ಲಿ ಮದ್ದೂರಿನಿಂದ ಐಸ್‌ಕ್ರೀಮಿನ ಡಬ್ಬ ಕಟ್ಟಿಕೊಂಡು ಬಂದ ಪುನೀತ, ದಾರಿಯಲ್ಲೇ ಗುಂಪು ಕಂಡು ಬೈಕು ನಿಲ್ಲಿಸಿ ಓಡಿಬಂದ. ಹೊನ್ನಯ್ಯ ದೇವರು ಬಂದಂತೆ ಕೈ ಎತ್ತಿದ.

"ಪುನೀತ! ನಿನ್ ಗಾಡಿ ಕೆಟ್ಟೋಗದೆ ಅಂತ ಯೋಳ್ಲಾ! ದಾರಿ ತಪ್ತು ಅಂತ ಯೋಳು!"

ಪುನೀತನ ಮುಖ ಕೆಂಪಾಯಿತು. ತನ್ನ ಕಾರ್ಖಾನೆಯ ಮರ್ಯಾದೆಯ ಪ್ರಶ್ನೆ. "ಕೆಡೋ ಮಾತೇ ಇಲ್ಲ ದೊಡ್ಡಪ್ಪ. ನಡ್ಸ್ದೋರು ಯಾವ ದಾರೀಲಿ ನಡುದ್ರೋ ಅದನ್ನೇ ಅದು ಕಲಿಯೋದು. ಮನುಸ್ರು ಸುಳ್ಳು ಯೋಳ್ಬೋದು, ನಮ್ ಮಿಸನ್ನು ಯೋಳಕಿಲ್ಲ."

ಅಷ್ಟು ಹೇಳಿ, ಗಾಡಿ ಕಲ್ಲು ಮುಳ್ಳಿನ ದಾರಿಯಲ್ಲಿ ಇಷ್ಟು ದೂರ ಒಂದೂ ತಪ್ಪಿಲ್ಲದೆ ಬಂದದ್ದಕ್ಕೆ ಸಂತೋಷಪಟ್ಟು ಒಂದು ಫೋಟೋ ತೆಗೆದುಕೊಂಡ. ಫೋಟೋದಲ್ಲಿ ದೊಡ್ಡಪ್ಪನೂ ಗ್ಲಾಸೂ ಚೆನ್ನಾಗಿ ಬಂದವು.

"ಈಗ ಗೊತ್ತಾಯ್ತು," ಎಂದಳು ಸಣ್ಣತಾಯಮ್ಮ, ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು. "ಮಂಡಿನೋವು ಮಂಡಿನೋವು ಅಂತಿದ್ದೆ. ಕಾಲು ಯಾಕೆ ನೆಲದ ಮ್ಯಾಲೆ ನಿಲ್ತಿರ್ನಿಲ್ಲ ಅಂತ ಈಗ ಗೊತ್ತಾಯ್ತು."

ಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮುತ್ತತ್ತಿರಾಯನ ಮ್ಯಾಲೆ ಸುಳ್ಳು ಆಣೆ! ನಡೀರಿ ಎಲ್ರೂ, ಬಸ್ ಅತ್ತಿ. ಈ ಮನೆ ಹೆಣ್ಣು ನಮ್ಗೆ ಬ್ಯಾಡ."

ದೀಪಿಕಳ ಅಳು ಜೋರಾಯಿತು. ಹೊನ್ನಯ್ಯ ಕುರ್ಚಿಯಿಂದ ಏಳಲು ಹೋದ. ಮಂಡಿ ಕಿರ್ ಎಂದು ಅವನನ್ನು ಮತ್ತೆ ಕುರ್ಚಿಗೆ ಎಸೆಯಿತು. ಏಳಲಾರದಷ್ಟು ಕುಡಿದಿದ್ದಾನೆ ಎಂದು ಬೀಗರು ಮುಖ ತಿರುಗಿಸಿದರು. ಆಗ ಹೊನ್ನಯ್ಯ ಚಿಕ್ಕಬೋರಯ್ಯನ ಮುಖ ನೋಡಿದ. ಚಿಕ್ಕಬೋರಯ್ಯ ಹೊನ್ನಯ್ಯನ ಮುಖ ನೋಡಿದ. ಮಗಳ ಬಾಳು ಯಾರ ಬಾಯಲ್ಲಿದೆ ಎಂದು ಹೊನ್ನಯ್ಯನಿಗೆ ಅರ್ಥವಾಯಿತು. ಅವನು ಕಣ್ಣು ಮುಚ್ಚಿ, ತಲೆ ತಗ್ಗಿಸಿದ.

"ತಪ್ಪಾಯ್ತು ಬೀಗ್ರೇ."

ಕುಡಿತದ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಅದನ್ನು ಮಾತ್ರ ಎಲ್ಲರೂ ಒಂದೇ ಸಲಕ್ಕೆ ನಂಬಿದರು.

"ಆಯ್ತು ಬುಡು ಮಂಗ್ಳಾ," ಎಂದ ಚಿಕ್ಕಬೋರಯ್ಯ, ದೊಡ್ಡ ಮನಸ್ಸು ಮಾಡಿ. "ಹೆಣ್ ಮಗ ಏನ್ ಮಾಡ್ತು? ಕರ್ಕಂಡೋಗುವಾ. ಇವ್ರು ಬರೋ ಸನ್ವಾರ ಮುತ್ತತ್ತಿ ಒಳೇಲಿ ಮುಳುಗೆದ್ದು ಇನ್ನೊಂದ್ ಆಣೆ ಮಾಡ್ಲಿ. ಆದ್ರೆ ಈ ಗಾಡಿ ಇಲ್ಲಿದ್ರೆ ಮನುಸ ಉದ್ದಾರಾಗಾಕಿಲ್ಲ. ಚಟ ಅತ್ತಿರೋದು ಇದ್ಕೆ. ಇದ್ನ ನಾನೇ ಮಳವಳ್ಳಿಗೆ ತಕ್ಕಂಡೋಯ್ತೀನಿ. ನಮ್ಮನೇಲಿ ಇದ್ದು ಒಳ್ಳೆ ಬುದ್ದಿ ಕಲೀಲಿ."

ಬೀಗರ ಕಡೆಯ ಹೆಂಗಸರು ಕಣ್ಣೊರೆಸಿಕೊಂಡರು. ಪುನೀತ ಮಾತ್ರ, "ಮಳವಳ್ಳಿ ದಾರೀಲೂ ಪರೀಕ್ಸೆ ಆದಂಗಾಯ್ತು," ಎಂದು ಖುಷಿಯಾದ.

ಪುನೀತ ಐಸ್‌ಕ್ರೀಮಿನ ಡಬ್ಬದ ಜೊತೆಗೆ ದೊಡ್ಡಪ್ಪನನ್ನೂ ಬೈಕಿನ ಮೇಲೆ ಹೇರಿಕೊಂಡು ಶಾಮಿಯಾನಕ್ಕೆ ತಂದ. ಊಟ ನಡೆಯಿತು. ನಾಯಿಗಳು ಮುಟ್ಟದೆ ಬಿಟ್ಟಿದ್ದ ಹಂಡೆಗಳಲ್ಲಿ ಬೇಕಾದಷ್ಟಿತ್ತು. "ಊಟಕ್ಕೆ ಏಳಿ" ಎನ್ನಲು ಹೊನ್ನಯ್ಯನ ಬಾಯಿ ಈಗ ಮೈಲಿಗೆಯಾದ್ದರಿಂದ ಚಿಕ್ಕಬೋರಯ್ಯನೇ ತನ್ನ ಕಡೆಯವರನ್ನು ತಾನೇ ಕೈ ಮುಗಿದು ಕರೆದ. ಹೊಸ ಆಣೆ ಆಗುವ ತನಕ ಬಾಡು ಮುಟ್ಟಬಾರದೆಂದು ಮಂಗಳಮ್ಮ ಹೊನ್ನಯ್ಯನ ಎಲೆಗೆ ಮೊಸರನ್ನ ಹಾಕಿಸಿದಳು. ಅದನ್ನು ಬಡಿಸಿದವನು ಮಾಯಿಗೌಡ. ಎರಡು ಸಲ ಬಡಿಸಿದ, ತಲೆ ಎತ್ತದೆ.

ಸಂಜೆ ಬಸ್ಸು ಹೊರಟಿತು. ದೀಪಿಕ ಅಪ್ಪನ ಕಾಲಿಗೆ ಬಿದ್ದು ಎದ್ದು, ಅವನ ಕಿವಿಯ ಹತ್ತಿರ, "ಅಪ್ಪಾಜಿ, ನನ್ ಮೇಲಾಣೆ, ಇನ್ನಾದ್ರೂ ಬುಟ್ಬುಡು," ಎಂದಳು. ಹೊನ್ನಯ್ಯ, "ಊಂ ಕಣವ್ವ," ಎಂದ. ಗಾಡಿಯನ್ನು ಚಿಕ್ಕಬೋರಯ್ಯ ಬಸ್ಸಿನೊಳಗೆ ತನ್ನ ಸೀಟಿನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ. ಅದರ ಕೆಂಪು ಗುಂಡಿಯ ಕುಂಕುಮವನ್ನು ಕೆರೆಯಲು ಪುನೀತ ಮುಂದಾದಾಗ, "ಇರ್ಲಿ ಬುಡಪ್ಪ, ಲಕ್ಸಣವಾಗದೆ," ಎಂದು ತಡೆದಿದ್ದನ್ನು ಹೊನ್ನಯ್ಯ ನೋಡಿದ್ದ.

ಶಾಮಿಯಾನ ಬಿಚ್ಚಿದರು. ಎಲ್ಲರೂ ಅವರವರ ಮನೆ ಸೇರಿದರು. ಕುಡುಕನಿಗೆ ಹೆಗಲು ಕೊಡಲು ಯಾರೂ ನಿಲ್ಲಲಿಲ್ಲ. ಹೊನ್ನಯ್ಯ ಕಂಬ ಹಿಡಿದು ಎದ್ದು, ಗೋಡೆ ಹಿಡಿದು ನಡೆಯುತ್ತಿದ್ದಾಗ ಹಿಂದಿನಿಂದ ಮಾಯಿಗೌಡ ಬಂದ. ಬಂದ ಎನ್ನುವುದಕ್ಕಿಂತ, ಆ ಕಡೆ ಚರಂಡಿಯನ್ನೂ ಈ ಕಡೆ ಚರಂಡಿಯನ್ನೂ ಮಾತಾಡಿಸಿಕೊಂಡು ತೇಲಿದ ಎನ್ನಬೇಕು. ಮನಸ್ಸಿಗೆ ಬಹಳ ನೋವಾಗಿ, ಸಂಜೆ ನಡೆದೇ ನಾಲೆಯಾಚೆ ಹೋಗಿಬಂದಿದ್ದ.

"ಒನ್ನಣ್ಣ, ಪಾಪಿ ನಾನು. ನಿನ್ ಮರ್ವಾದೆ ಕಳ್ದೆ. ಬಾ, ಹೆಗ್ಲು ಕೊಡ್ತೀನಿ, ಮನೆ ಸೇರುಸ್ತೀನಿ," ಎಂದು ಹೆಗಲು ಕೊಟ್ಟವನೇ ಪೂರಾ ಹೊನ್ನಯ್ಯನ ಮೇಲೆ ಒರಗಿದ. "ವಸಿ ಭದ್ರವಾಗಿ ಇಡ್ಕಳಣ್ಣ. ಸಾಕಿ ನೋಡುದ್ರೆ ಕೊಂದಾಕ್ತಳೆ. ಗಾಡಿ ಬೇರೆ ಒಂಟೋಯ್ತಲ್ಲ."

ಬಿಟ್ಟರೆ ಬೀಳುತ್ತಾನೆ, ಹಿಡಿದರೆ ಮಂಡಿ ಮುರಿಯುತ್ತದೆ. ಹೊನ್ನಯ್ಯ ಅವನ ಸೊಂಟಕ್ಕೆ ಕೈ ಸುತ್ತಿ ಹಿಡಿದ. ಹಳ್ಳ ಬಂದಾಗ ಸುತ್ತಿಸಿದ, ಕಲ್ಲು ಬಂದಾಗ ತಪ್ಪಿಸಿದ, ಹಸು ಬಂದಾಗ ನಿಲ್ಲಿಸಿದ. ಒಂದೊಂದು ಹೆಜ್ಜೆಗೂ ಮಂಡಿ ಕಿರ್ ಎನ್ನುತ್ತಿತ್ತು, ಅವನು ನೋವಿಗೆ ಒಂದು ಕಡೆ ವಾಲುತ್ತಿದ್ದ, ಮಾಯಿಗೌಡ ಅವನ ಹಿಡಿತದಲ್ಲಿ ಕಂಬದಂತೆ ನೆಟ್ಟಗೆ ಬರುತ್ತಿದ್ದ.

ಸಾಕಮ್ಮ ಬಾಗಿಲಲ್ಲಿ ದೀಪ ಹಚ್ಚಿ ನಿಂತಿದ್ದಳು. ಬರುತ್ತಿದ್ದವರನ್ನು ಕಣ್ಣು ತುಂಬ ನೋಡಿ, ಪಕ್ಕದ ಜಗಲಿಯ ಮಂಚಮ್ಮನನ್ನು ಕೂಗಿದಳು.

"ನೋಡಕ್ಕ, ಎಂಥಾ ಗುಣ ನಮ್ಮನೇರ್ದು! ಆ ಕುಡ್ಕನ್ನೂ ಬುಡ್ದೆ ಮನೆ ಸೇರುಸ್ತಾವ್ರೆ."